ಹೊಸ ವರ್ಷದ ಓದಿನ ಗುರಿ: ಸಂಖ್ಯೆ ಆಮೇಲೆ ಬರೆಯಿರಿ, ಮೊದಲು ಇಷ್ಟು ಮಾಡಿ

ಜನವರಿ 1ರಂದು "ಈ ವರ್ಷ 50 ಪುಸ್ತಕ ಓದೇ ಓದ್ತೀನಿ" ಎಂದು ಸ್ಟೇಟಸ್ ಹಾಕಿದವರು, ಬಾದಾಮಿಯ ಬನಶಂಕರಿ ಜಾತ್ರೆ ಮುಗಿಯುವ ಹೊತ್ತಿಗೆ ಎರಡನೇ ಪುಸ್ತಕದ ನಡುವೆ ನಿಂತಿರುತ್ತಾರೆ. ಯುಗಾದಿಗೆ ಯಾರಾದರೂ ನೆನಪಿಸಿದರೆ ನಕ್ಕು ಮಾತು ತಿರುಗಿಸುತ್ತಾರೆ. ಡಿಸೆಂಬರ್ ಬಂದಾಗ ಮತ್ತೆ ಅದೇ ಪ್ರಶ್ನೆ: "ನನ್ನ ಕಡಿಂದ ಯಾಕ ಆಗಂಗಿಲ್ರಿ?"

ಆಗದಿರುವುದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ ತಪ್ಪಿರುವುದು. ಎಲ್ಲರೂ ಮೊದಲು ಸಂಖ್ಯೆ ಬರೆಯುತ್ತಾರೆ. ಆಮೇಲೆ ಪುಸ್ತಕ ಹುಡುಕುತ್ತಾರೆ. ಸಮಯ ಎಲ್ಲಿಂದ ತರುವುದು ಎಂದು ಕೊನೆಗೆ ಯೋಚಿಸುತ್ತಾರೆ. ಹೆಂಚು ಕಾಯುವ ಮೊದಲೇ ರೊಟ್ಟಿ ಹಾಕಿದ ಹಾಗೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಹಿಂದು ಮುಂದು ಮಾಡಬೇಡಿ. ಬಾಗಲಕೋಟೆ ಜಿಲ್ಲೆಯ ವರ್ಷ ಹೇಗೆ ನಡೆಯುತ್ತದೋ ಹಾಗೆ ಬರೆದಿದ್ದೇನೆ. ಬೆಳಗಾವಿ, ವಿಜಯಪುರದವರು ಹಬ್ಬ-ಜಾತ್ರೆ ಬದಲಿಸಿಕೊಂಡರೆ ಸಾಕು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು 100 ಪುಟದ ನೋಟ್‌ಬುಕ್. ಒಂದು ಪೆನ್ನು. ಮೊಬೈಲಿನ ಟೈಮರ್. ಹೊಸ ವರ್ಷದ ಗೋಡೆ ಕ್ಯಾಲೆಂಡರ್. ಸೊಸೈಟಿಯವರೋ ಕಿರಾಣಿ ಅಂಗಡಿಯವರೋ ಕೊಟ್ಟದ್ದೇ ನಡೆಯುತ್ತದೆ, ಆದರೆ ಹುಣ್ಣಿಮೆ, ಅಮಾವಾಸ್ಯೆ, ಹಬ್ಬ ಎಲ್ಲ ಇರುವಂಥದ್ದು ಬೇಕು. ಮತ್ತೆ ಈಗಾಗಲೇ ಮನೆಯಲ್ಲಿರುವ, ಇನ್ನೂ ಓದದ ಒಂದು ಪುಸ್ತಕ. ಹೊಸದು ಕೊಳ್ಳಲು ಈಗಲೇ ಹೋಗಬೇಡಿ.

## ಹಂತ 1: ಎರಡು ವಾರ ಸುಮ್ನೆ ಅಳೆಯಿರಿ

ಇದನ್ನು ಡಿಸೆಂಬರ್‌ನಲ್ಲೇ ಮಾಡಬೇಕು. ಜನವರಿ ಬಂದಾಗಿದ್ದರೂ ಪರವಾಗಿಲ್ಲ, ಮೊದಲ ಎರಡು ವಾರ ಇದಕ್ಕೇ ಬಿಡಿ.

ಮೊದಲ ದಿನ ಪುಸ್ತಕದ 10 ಪುಟ ಓದಿ, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಓಡಿಸಬೇಡಿ. ದಿನಾ ಓದುವ ವೇಗದಲ್ಲೇ ಓದಿ. ನಾಲ್ಕೈದು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೀಗೇ ಮಾಡಿದರೆ ನಿಮ್ಮ ನಿಜವಾದ ವೇಗ ಗೊತ್ತಾಗುತ್ತದೆ. ಬೆಳಿಗ್ಗೆ 18 ನಿಮಿಷಕ್ಕೆ ಮುಗಿದ 10 ಪುಟ, ರಾತ್ರಿ ಊಟದ ನಂತರ 30 ನಿಮಿಷ ತೆಗೆದುಕೊಳ್ಳಬಹುದು. ಈ ವ್ಯತ್ಯಾಸ ನೋಡಿಯೇ ಓದಿನ ಹೊತ್ತನ್ನು ಗೊತ್ತು ಮಾಡುವುದು ಒಳ್ಳೆಯದು.

ಎರಡನೇ ಅಳತೆ, ದಿನಕ್ಕೆ ಎಷ್ಟು ಹೊತ್ತು ನಿಜವಾಗಿ ಕೂರುತ್ತೀರಿ ಎಂಬುದು. ಈ ಎರಡು ವಾರ ಯಾವ ಗುರಿಯೂ ಬೇಡ. ಕೂತಷ್ಟು ಬರೆಯಿರಿ. ಕೂರದ ದಿನ ಸೊನ್ನೆ ಹಾಕಿ. ಸೊನ್ನೆ ಹಾಕಲು ನಾಚಿಕೆಪಟ್ಟು ಆ ಸಾಲನ್ನೇ ಬಿಟ್ಟುಬಿಡುವುದು ಬಹಳ ಜನ ಮಾಡುವ ತಪ್ಪು. ಹಾಗೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಇನ್ನೊಂದು ಮಾತು. ಎಲ್ಲ ಪುಸ್ತಕಕ್ಕೂ ಒಂದೇ ವೇಗ ಇರುವುದಿಲ್ಲ. ರನ್ನ ನಮ್ಮ ಮುಧೋಳದವನು ಎಂಬ ಹೆಮ್ಮೆಯಿಂದ ಹಳಗನ್ನಡ ಕಾವ್ಯ ಪಟ್ಟಿಗೆ ಸೇರಿಸುವವರಿದ್ದಾರೆ. ಸೇರಿಸಿ, ಸಂತೋಷ. ಆದರೆ ಕಾದಂಬರಿಯ ವೇಗದಲ್ಲಿ ಅದನ್ನು ಲೆಕ್ಕ ಹಾಕಿದರೆ ಕೆಟ್ಟಿರಿ. ಪದ್ಯ, ಅರ್ಥ, ಟಿಪ್ಪಣಿ ಎಂದು ಒಂದು ಪುಟಕ್ಕೆ ಕಾಲು ಗಂಟೆಯೂ ಹಿಡಿಯಬಹುದು. ಇಂಗ್ಲಿಷ್ ಅಥವಾ ಮರಾಠಿ ಓದುವವರು ಆ ಭಾಷೆಯ ವೇಗವನ್ನೂ ಬೇರೆಯಾಗಿ ಅಳೆಯಿರಿ.

## ಹಂತ 2: ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಈಗಲೇ ಬರೆದುಬಿಡಿ. ಜುಲೈನಲ್ಲಿ ಹಿಂದೆ ಬಿದ್ದಾಗ ನಿಯಮ ಮಾಡಲು ಕೂತರೆ, ನಿಯಮ ನಿಮಗೆ ಬೇಕಾದಂತೆ ಬಗ್ಗುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಇ-ಪುಸ್ತಕ ಲೆಕ್ಕಕ್ಕೆ. ಪೂರ್ತಿ ಕೇಳಿದ ಆಡಿಯೋ ಪುಸ್ತಕ ಲೆಕ್ಕಕ್ಕೆ. ಎರಡನೇ ಸಲ ಓದಿದ್ದೂ ಲೆಕ್ಕಕ್ಕೆ. ಮಕ್ಕಳಿಗೆ ಓದಿ ಹೇಳಿದ 24 ಪುಟದ ಚಿತ್ರಪುಸ್ತಕವನ್ನು ಪುಟದಲ್ಲಿ ಎಣಿಸಿ, ಪುಸ್ತಕದಲ್ಲಿ ಬೇಡ. ಯೂಟ್ಯೂಬ್‌ನಲ್ಲಿ "10 ನಿಮಿಷದಲ್ಲಿ ಪುಸ್ತಕದ ಸಾರ" ಕೇಳಿದ್ದು ಲೆಕ್ಕಕ್ಕಿಲ್ಲ.

ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ದಿನವಿಡೀ ಓದುವವರ ಪ್ರಶ್ನೆ ಬೇರೆ. ನಮ್ಮ ಕಡೆ ಗ್ರಂಥಾಲಯದ ಕುರ್ಚಿಗಳಲ್ಲಿ ಅವರೇ ಜಾಸ್ತಿ. ಪರೀಕ್ಷೆಯ ಓದನ್ನು ಈ ಗುರಿಗೆ ಸೇರಿಸಬೇಡಿ. ಅದಕ್ಕೆ ಅದರದ್ದೇ ವೇಳಾಪಟ್ಟಿ ಇದೆ. ನಿಮ್ಮ ಗುರಿ ಸಣ್ಣದಿರಲಿ: ಮಲಗುವ ಮುಂಚೆ ಪರೀಕ್ಷೆಗೆ ಸಂಬಂಧವಿಲ್ಲದ 5 ಪುಟ. ಅಷ್ಟೇ.

## ಹಂತ 3: ಕ್ಯಾಲೆಂಡರ್‌ನಲ್ಲಿ ಓದಲಾಗದ ವಾರಗಳನ್ನು ಹೊಡೆದು ಹಾಕಿ

ಗುರಿ ಮುರಿಯುವುದು ಇಲ್ಲೇ. 12 ತಿಂಗಳನ್ನೂ ಒಂದೇ ಅಳತೆಯಲ್ಲಿ ಭಾಗ ಮಾಡಿ "ತಿಂಗಳಿಗೆ 4" ಎಂದು ಬರೆಯುತ್ತಾರೆ. ನಮ್ಮ ವರ್ಷ ಹಾಗೆ ನಡೆಯುವುದಿಲ್ಲ, ಅಲ್ವಾ?

ಕ್ಯಾಲೆಂಡರ್ ನೆಲದ ಮೇಲೆ ಹಾಸಿಕೊಂಡು ಕೂತು, ಓದಲು ಆಗುವುದೇ ಇಲ್ಲ ಎಂಬ ವಾರಗಳ ಮೇಲೆ ಅಡ್ಡಗೆರೆ ಎಳೆಯಿರಿ. ಮನೆಯವರನ್ನೂ ಕೂರಿಸಿಕೊಳ್ಳಿ. ಯಾವ ಲಗ್ನ ಯಾವ ತಿಂಗಳು ಎಂದು ಅವ್ವನಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ.

ಜನವರಿಯಿಂದ ಶುರು ಮಾಡೋಣ. ಸಂಕ್ರಮಣ ಆ ತಿಂಗಳ ನಡುವೆಯೇ ಬರುತ್ತದೆ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಬೆಳತನಕ ಆಡುತ್ತವೆ. ಬಾದಾಮಿ, ಗುಳೇದಗುಡ್ಡದ ಕಡೆಯವರಿಗೆ ಪಾವ್ಣೇರು (ನೆಂಟರು) ಬಂದೇ ಬರುತ್ತಾರೆ. ಅಂದರೆ ಎಲ್ಲರೂ ಭಾರಿ ಉತ್ಸಾಹದಿಂದ ಗುರಿ ಶುರು ಮಾಡುವ ತಿಂಗಳೇ ನಮ್ಮಲ್ಲಿ ಓದಿಗೆ ಕಷ್ಟದ ತಿಂಗಳು. ಎರಡು ವಾರ ಹೊಡೆದು ಹಾಕಿ.

ಮಾರ್ಚ್‌ನಲ್ಲಿ ಹೋಳಿ. ಬೇರೆ ಊರಲ್ಲಿ ಅದು ಒಂದು ದಿನದ ಬಣ್ಣ. ಬಾಗಲಕೋಟೆಯಲ್ಲಿ ಬಣ್ಣವೇ ದಿನಗಟ್ಟಲೆ ನಡೆಯುತ್ತದೆ, ಹಲಗೆ ವಾದ್ಯದ ಸದ್ದು ಅದಕ್ಕೂ ಮುಂಚೆ ಓಣಿಗೆ ಬಂದಿರುತ್ತದೆ. ಆ ಸದ್ದಿನಲ್ಲಿ ಓದಲು ಪ್ರಯತ್ನವನ್ನೂ ಮಾಡಬೇಡಿ. ಅದೇ ತಿಂಗಳು ಮಕ್ಕಳ ಪರೀಕ್ಷೆ ಇದ್ದರೆ ಮನೆ ಪೂರ್ತಿ ಪರೀಕ್ಷೆ ಬರೆಯುತ್ತಿರುತ್ತದೆ.

ಏಪ್ರಿಲ್-ಮೇ ಲಗ್ನಗಳ ತಿಂಗಳು. ಆದರೆ ಇವನ್ನು ಪೂರ್ತಿ ಹೊಡೆಯಬೇಡಿ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಹೊರಗೆ ಯಾರೂ ಕಾಲಿಡುವುದಿಲ್ಲ. ಊಟವಾಗಿ ಪಡಸಾಲೆಯಲ್ಲಿ ಅಡ್ಡಾಗುವ 2ರಿಂದ 4ರ ಹೊತ್ತು ವರ್ಷದಲ್ಲೇ ಒಳ್ಳೆಯ ಓದಿನ ಹೊತ್ತು. ರಜೆ ಇರುವ ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಇದು ದೊಡ್ಡ ಲಾಭ.

ಜೂನ್‌ನಲ್ಲಿ ಶಾಲೆ ಶುರುವಾಗುವ ವಾರ ಹೋಯಿತು. ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಹೋಗುವವರು ರಾತ್ರಿಯ ಓದನ್ನು ಬೆಳಿಗ್ಗೆಗೆ ತಳ್ಳಿ. ಗಣಪತಿ, ದಸರಾ, ದೀಪಾವಳಿಗೆ ಒಂದೊಂದು ವಾರ ಬಿಡಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದು ಒಂದೇ ದಿನವಾದರೂ ಅಡುಗೆಯ ತಯಾರಿ ಎರಡು ಮೂರು ದಿನದ್ದು. ಅಡುಗೆ ಮಾಡುವವರ ಕ್ಯಾಲೆಂಡರ್‌ನಲ್ಲಿ ಅದನ್ನೂ ಹೊಡೆಯಬೇಕು, ಉಣ್ಣುವವರ ಕ್ಯಾಲೆಂಡರ್‌ನಲ್ಲಿ ಬೇಕಿಲ್ಲ!

ಮುಧೋಳ, ಜಮಖಂಡಿ ಕಡೆ ಕಬ್ಬು ಬೆಳೆಯುವವರಿಗೆ ಇನ್ನೊಂದು ಸಲಹೆ. ಕಾರ್ಖಾನೆ ಶುರುವಾಗಿ ಕಬ್ಬು ಸಾಗುವ ತನಕ ನಿಮಗೆ ಪುರಸೊತ್ತು ಇರುವುದಿಲ್ಲ. ನಿಮ್ಮ ಓದಿನ ವರ್ಷ ಯುಗಾದಿಯಿಂದ ಶುರುವಾಗಲಿ. ಜನವರಿ 1ಕ್ಕೇ ಶುರು ಮಾಡಬೇಕೆಂದು ಯಾರೂ ಕಟ್ಟು ಹಾಕಿಲ್ಲ.

## ಹಂತ 4: ಈಗ ಲೆಕ್ಕ ಹಾಕಿ, ಸಂಖ್ಯೆ ಬರೆಯಿರಿ

ಒಂದು ಉದಾಹರಣೆ ನೋಡೋಣ. ಬಾಗಲಕೋಟೆಯ ನವನಗರದಲ್ಲಿರುವ ಒಬ್ಬ ಹೈಸ್ಕೂಲ್ ಶಿಕ್ಷಕಿ ಎಂದಿಟ್ಟುಕೊಳ್ಳಿ. 10 ಪುಟಕ್ಕೆ ಅವರಿಗೆ 22 ನಿಮಿಷ ಬೇಕು. ದಿನಕ್ಕೆ 25 ನಿಮಿಷ, ವಾರಕ್ಕೆ 5 ದಿನ ಕೂರುತ್ತಾರೆ. ಅಂದರೆ ವಾರಕ್ಕೆ 125 ನಿಮಿಷ, ಸುಮಾರು 57 ಪುಟ.

ಕ್ಯಾಲೆಂಡರ್‌ನಲ್ಲಿ 12 ವಾರ ಹೊಡೆದರು, ಉಳಿದದ್ದು 40. 57ನ್ನು 40ರಿಂದ ಗುಣಿಸಿದರೆ 2,280 ಪುಟ. ಒಂದು ಪುಸ್ತಕಕ್ಕೆ 200 ಪುಟ ಎಂದರೆ 11 ಪುಸ್ತಕ. ಇದರಲ್ಲಿ ಕಾಲು ಭಾಗ ಕಳೆಯಿರಿ. ಜ್ವರ, ಕರೆಂಟ್ ಹೋಗುವುದು, ಹೇಳದೆ ಬರುವ ಪಾವ್ಣೇರು, ಎಲ್ಲದಕ್ಕೂ ಈ ಕಾಲು ಭಾಗ. ಉಳಿಯುವುದು 8. ಇವರ ಗುರಿ 8.

"ಬರೇ ಎಂಟ ಏನ್ರಿ?" ಎಂದು ಕೇಳುವವರು ಉಲ್ಟಾ ಲೆಕ್ಕ ಹಾಕಿ ನೋಡಿ. ಇದೇ ಶಿಕ್ಷಕಿ 30 ಪುಸ್ತಕ ಎಂದು ಬರೆದರೆ ವರ್ಷಕ್ಕೆ 6,000 ಪುಟ, ವಾರಕ್ಕೆ 150 ಪುಟ. ಆ 5 ದಿನವೂ ದಿನಕ್ಕೆ 66 ನಿಮಿಷ ಕೂರಬೇಕು. 25 ನಿಮಿಷ ಸಿಗುವ ಮನೆಯಲ್ಲಿ ಉಳಿದ 41 ನಿಮಿಷ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಇದ್ದವರು ಮಾತ್ರ ದೊಡ್ಡ ಸಂಖ್ಯೆ ಬರೆಯಿರಿ.

ನೋಟ್‌ಬುಕ್ಕಿನಲ್ಲಿ ವಾರದ ಪುಟಗಳ ಗುರಿಯನ್ನು ದೊಡ್ಡದಾಗಿ, ಪುಸ್ತಕಗಳ ಸಂಖ್ಯೆಯನ್ನು ಚಿಕ್ಕದಾಗಿ ಬರೆಯಿರಿ. ದಿನದ ಗುರಿ ಹಾಕಬೇಡಿ. ಒಂದು ದಿನ ತಪ್ಪಿದರೆ ಮನಸ್ಸು ಮುರಿಯುತ್ತದೆ. ವಾರದ ಗುರಿಯಾದರೆ ಭಾನುವಾರ ಸರಿ ಮಾಡಿಕೊಳ್ಳಬಹುದು.

## ಹಂತ 5: ಮೂರು ತಿಂಗಳಿಗೆ ಸಾಕಾಗುವಷ್ಟು ಪುಸ್ತಕ ಮಾತ್ರ ಆರಿಸಿ

ವರ್ಷದ ಪೂರ್ತಿ ಪಟ್ಟಿ ಈಗಲೇ ಮಾಡಬೇಡಿ. ಆಗಸ್ಟ್‌ನಲ್ಲಿ ನಿಮಗೆ ಏನು ಓದಬೇಕೆನಿಸುತ್ತದೆ ಎಂದು ಜನವರಿಯಲ್ಲಿ ಗೊತ್ತಿರುವುದಿಲ್ಲ. ಮೂರು ತಿಂಗಳಿಗೆ ಮೂರೋ ನಾಲ್ಕೋ ಪುಸ್ತಕ ಸಾಕು. ಅದರಲ್ಲಿ ಮೊದಲನೆಯದು 150 ಪುಟದೊಳಗಿನ, ನಿಮಗೆ ಖಂಡಿತ ಇಷ್ಟವಾಗುವಂಥದ್ದಿರಲಿ. "ಓದಲೇಬೇಕಾದ" ದಪ್ಪ ಪುಸ್ತಕದಿಂದ ವರ್ಷ ಶುರು ಮಾಡಿದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಆರಿಸುವಾಗ ಹಿಂಬದಿಯ ಹೊಗಳಿಕೆ ಓದಬೇಡಿ. ಪುಸ್ತಕ ತೆರೆದು, ಶೀರ್ಷಿಕೆ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ನೋಡಿ. ಪುಟಗಳು ಎಷ್ಟು, ಆಕಾರ ಡೆಮಿ 1/8ರದ್ದೋ ಕ್ರೌನ್ 1/8ರದ್ದೋ, ಕಾಗದ ಎಷ್ಟು ಜಿಎಸ್‌ಎಂ (ಕಾಗದದ ತೂಕದ ಅಳತೆ), ಎಲ್ಲ ಅಲ್ಲಿ ಅಚ್ಚಾಗಿರುತ್ತದೆ. ಡೆಮಿ ಪುಟ ಕ್ರೌನ್‌ಗಿಂತ ದೊಡ್ಡದು. 200 ಪುಟದ ಡೆಮಿ ಪುಸ್ತಕದಲ್ಲಿ 200 ಪುಟದ ಕ್ರೌನ್‌ಗಿಂತ ಓದುವುದು ಜಾಸ್ತಿ ಇರುತ್ತದೆ. ಆಮೇಲೆ ನಡುವಿನ ಒಂದು ಪುಟ ತೆಗೆದು ನಿಂತಲ್ಲೇ ಓದಿ. ಅಕ್ಷರ ಕಣ್ಣಿಗೆ ಚಿಕ್ಕದಾದರೆ ಅಲ್ಲೇ ಇಡಿ. ನಲವತ್ತು ದಾಟಿದವರು ಈ ಪರೀಕ್ಷೆಯನ್ನು ಬಿಡಲೇಬಾರದು.

ಪುಸ್ತಕಕ್ಕೆ ಮೊದಲು ಗ್ರಂಥಾಲಯಕ್ಕೆ ಹೋಗಿ. ನವನಗರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಹಳ್ಳಿಯವರಿಗೆ ಪಂಚಾಯಿತಿಯ ಗ್ರಂಥಾಲಯವಿದೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಗೊತ್ತಿಲ್ಲದೆ ಹೋಗಿ ಬಾಗಿಲು ನೋಡಿ ಬರಬೇಡಿ. ಎರವಲು ತಂದ ಪುಸ್ತಕದಲ್ಲಿ ಒಂದು ಲಾಭವಿದೆ: ವಾಪಸ್ ಕೊಡುವ ತಾರೀಖು. ಸ್ವಂತ ಪುಸ್ತಕ ವರ್ಷಗಟ್ಟಲೆ ಕಪಾಟಿನಲ್ಲಿ ಕಾಯುತ್ತದೆ, ಗ್ರಂಥಾಲಯದ್ದು ಕಾಯುವುದಿಲ್ಲ.

ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಿಂದ ಇದೆ. ಹೆಸರು ನೋಂದಾಯಿಸಿದರೆ ಉಚಿತ. ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಮೈಲ್ಯಾಂಗ್ ಆ್ಯಪ್‌ನಲ್ಲಿ ಸಿಗುತ್ತವೆ. ಆಡಿಯೋ ಎಲ್ಲರಿಗೂ ಹೊಂದುವುದಿಲ್ಲ. ಹೊಲದ ದಾರಿಯಲ್ಲಿ, ರೊಟ್ಟಿ ಬಡಿಯುವಾಗ ಚೆನ್ನಾಗಿ ಕೇಳಬಹುದು. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಮುಂದೆ ನಿಂತವರಿಗೆ ಆ ಸದ್ದಿನಲ್ಲಿ ಏನು ಕೇಳಿಸೀತು? ಅವರು ಕಾಗದದ ಪುಸ್ತಕಕ್ಕೇ ಅರ್ಧ ಗಂಟೆ ಹುಡುಕಬೇಕು.

ಕೊಳ್ಳುವುದಿದ್ದರೆ ನವೆಂಬರ್ ತನಕ ಕಾಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಹಲವು ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ.

## ಹಂತ 6: ಜಾಗ ಮತ್ತು ಹೊತ್ತು

"ಪುರಸೊತ್ತು ಸಿಕ್ಕಾಗ ಓದುತ್ತೇನೆ" ಎಂದರೆ ಓದುವುದಿಲ್ಲ ಎಂದೇ ಅರ್ಥ. ದಿನಾ ತಪ್ಪದೆ ನಡೆಯುವ ಒಂದು ಕೆಲಸದ ಹಿಂದೆ ಓದನ್ನು ಕಟ್ಟಿ. ಬೆಳಗಿನ ಚಹಾ ಆದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ, ಅಂಗಡಿ ತೆರೆದು ಮೊದಲ ಗಿರಾಕಿ ಬರುವ ತನಕ.

ಮನೆಯವರಿಗೆ ಬಾಯಿ ಬಿಟ್ಟು ಹೇಳಿ. "ಅತ್ತಿ, ಇಪ್ಪತ್ತ ನಿಮಿಷ ಓದಿ ಬರ್ತೀನ್ರಿ, ಅಷ್ಟೊತ್ತಿಗೆ ಬ್ಯಾಳಿ ಕುದ್ದಿರ್ತದ" ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಹೇಳದೆ ಕೋಣೆ ಸೇರಿದರೆ ಐದು ನಿಮಿಷಕ್ಕೊಮ್ಮೆ ಕರೆ ಬರುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ, ಟೈಮರ್ ಸದ್ದು ಅಲ್ಲಿಂದಲೂ ಕೇಳುತ್ತದೆ.

ಬಸ್ಸಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವ ಮುಂಚೆ ಒಮ್ಮೆ ಪ್ರಯತ್ನಿಸಿ ನೋಡಿ. ಕೆಲವರಿಗೆ ತಲೆ ಸುತ್ತುತ್ತದೆ, ಸಂಜೆಯ ಬಸ್ಸಿನಲ್ಲಿ ಕೂರಲು ಸೀಟೂ ಸಿಗುವುದಿಲ್ಲ. ಗದಗ-ಸೊಲ್ಲಾಪುರ ಮಾರ್ಗದ ರೈಲಿನಲ್ಲಿ ಓಡಾಡುವವರಿಗೆ ಈ ತೊಂದರೆ ಕಡಿಮೆ.

## ಹಂತ 7: ಬರೆದಿಡುವುದು

ಒಂದು ದಿನಕ್ಕೆ ಒಂದು ಸಾಲು: ತಾರೀಖು, ಯಾವ ಪುಟದಿಂದ ಯಾವ ಪುಟ, ಎಷ್ಟು ನಿಮಿಷ. ಪುಸ್ತಕ ಮುಗಿದಾಗ ಮೂರು ವಾಕ್ಯ, ಅದೂ ಪುಸ್ತಕ ಮುಚ್ಚಿ. ಬಣ್ಣದ ಪೆನ್ನು, ಸ್ಟಿಕ್ಕರ್, ಚಾರ್ಟ್ ಏನೂ ಬೇಡ.

ಓದಿದ ಪುಸ್ತಕಗಳ ಲೆಕ್ಕ ಇಡುವ ಗುಡ್‌ರೀಡ್ಸ್ ಜಾಲತಾಣದ ವಾರ್ಷಿಕ ಚಾಲೆಂಜ್ ಸೇರುವವರು ಎರಡು ವಿಷಯ ನೆನಪಿಡಿ. ಓದಿ ಮುಗಿಸಿದ ತಾರೀಖು ಹಾಕದಿದ್ದರೆ ಪುಸ್ತಕ ಆ ವರ್ಷದ ಎಣಿಕೆಗೆ ಸೇರುವುದಿಲ್ಲ. ಕನ್ನಡ ಪುಸ್ತಕ ಹೆಸರಿನಿಂದ ಹುಡುಕಿದರೆ ಸಿಗದಿದ್ದಾಗ ಪುಸ್ತಕದ ಮೇಲೆ ಅಚ್ಚಾದ ಐಎಸ್‌ಬಿಎನ್ ಸಂಖ್ಯೆಯಿಂದ ಹುಡುಕಿ. ಅಲ್ಲಿ ಎಣಿಸುವುದು ಪುಸ್ತಕಗಳನ್ನು. ಪುಟ ಅಥವಾ ಗಂಟೆಯ ಗುರಿ ಬೇಕಾದವರಿಗೆ ಅಂಥದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್ ಒಳ್ಳೆಯದು.

## ಹಂತ 8: ಚಾಲೆಂಜ್ ಒಂದೇ ಸಾಕು

ಗುರಿ ಎಂದರೆ ಎಷ್ಟು, ಚಾಲೆಂಜ್ ಎಂದರೆ ಎಂಥದ್ದು. ಎರಡನ್ನೂ ಬೆರೆಸಬೇಡಿ. ಗುರಿ ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಚಾಲೆಂಜ್ ಸೇರಿಸಿ. ನಡೆಯುತ್ತದೆ ಎಂದು ನಾನು ನೋಡಿರುವುದು ಇವು:

ಐದು ಖಾನೆಯ ಚಾಲೆಂಜ್. ನಮ್ಮ ಮೂರು ಜಿಲ್ಲೆಗಳ ಬರಹಗಾರರದ್ದೊಂದು, ಅನುವಾದವೊಂದು, ಕವಿತೆಯದ್ದೊಂದು, ನಿಮಗೆ ಏನೂ ಗೊತ್ತಿಲ್ಲದ ವಿಷಯದ್ದೊಂದು, ಅರ್ಧಕ್ಕೆ ಬಿಟ್ಟದ್ದೊಂದು. ಮೊದಲ ಖಾನೆಗೆ ಹುಡುಕಬೇಕಾಗಿಲ್ಲ. ವಿಜಯಪುರದ ಕಡೆ ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗ ಕೂಡಿಸಿಟ್ಟ ಜನಪದ ಹಾಡುಗಳಿವೆ, ಫ.ಗು. ಹಳಕಟ್ಟಿಯವರು ಸಂಪಾದಿಸಿದ ವಚನಗಳಿವೆ.

ಒಂದೇ ದಪ್ಪ ಪುಸ್ತಕದ ಚಾಲೆಂಜ್. 600 ಪುಟವನ್ನು 40 ವಾರಕ್ಕೆ ಹಂಚಿದರೆ ವಾರಕ್ಕೆ 15 ಪುಟ. ಭಾನುವಾರ ಬೆಳಿಗ್ಗೆ ಒಂದು ಹೊತ್ತು ಸಾಕು.

ಜೋಡಿ ಚಾಲೆಂಜ್. ಇಬ್ಬರೂ ಒಂದೇ ಪುಸ್ತಕ ಓದಿ, 15 ದಿನಕ್ಕೊಮ್ಮೆ ಚಹಾ ಕುಡಿಯುತ್ತಾ ಮಾತಾಡಿ. ಗುಂಪು ಬೇಡ, ಇಬ್ಬರೇ. ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎರಡನೇ ವಾರಕ್ಕೆ ಅದರಲ್ಲಿ ಶುಭೋದಯ ಮಾತ್ರ ಬರುತ್ತದೆ.

"ಒಂದು ದಿನವೂ ಬಿಡದೆ 100 ದಿನ" ಎಂಬ ಚಾಲೆಂಜ್ ನನಗೆ ಹಿಡಿಸುವುದಿಲ್ಲ. 37ನೇ ದಿನ ತಪ್ಪಿದವರು 38ನೇ ದಿನ ಪುಸ್ತಕ ಮುಟ್ಟುವುದಿಲ್ಲ.

## ಹಂತ 9: ಮೂರು ತಿಂಗಳಿಗೊಮ್ಮೆ ತಪಾಸಣೆ

ಮಾರ್ಚ್, ಜೂನ್, ಸೆಪ್ಟೆಂಬರ್ ಕೊನೆಯ ಭಾನುವಾರ ನೋಟ್‌ಬುಕ್ ತೆಗೆದು ಕೂರಿ. ಈ ಲಕ್ಷಣ ಕಂಡರೆ ಎಚ್ಚರ:

ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಿದ್ದೀರಿ. ಸಂಖ್ಯೆ ನಿಮ್ಮನ್ನು ಓಡಿಸುತ್ತಿದೆ. ಪುಸ್ತಕಗಳ ಸಂಖ್ಯೆಯನ್ನು ಹೊಡೆದು, ಪುಟಗಳ ಗುರಿ ಮಾತ್ರ ಇಟ್ಟುಕೊಳ್ಳಿ.

ಒಂದೇ ಪುಟಕ್ಕೆ ಮೂರು ಸಲ ವಾಪಸ್ ಹೋಗುತ್ತಿದ್ದೀರಿ. ಪುಸ್ತಕ ಕಷ್ಟವಿದೆ, ಇಲ್ಲವೇ ಹೊತ್ತು ತಪ್ಪಿದೆ. ಮೊದಲು ಹೊತ್ತು ಬದಲಿಸಿ ನೋಡಿ. ಆಗಲೂ ಹಾಗೇ ಆದರೆ ಪುಸ್ತಕ ಬದಲಿಸಿ. ಕಣ್ಣು ಮಂಜಾಗಿ, ತಲೆ ನೋಯುತ್ತಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಹೊಡೆದು ಹಾಕದ ಎರಡು ವಾರ ಸಾಲಾಗಿ ಸೊನ್ನೆ. ಕೈಯಲ್ಲಿರುವ ಪುಸ್ತಕವನ್ನು ಪಕ್ಕಕ್ಕಿಟ್ಟು, ಒಂದೇ ಕೂತಲ್ಲಿ ಮುಗಿಯುವ ಒಂದು ಕತೆ ಓದಿ. ಬಹಳ ಸಲ ಅಷ್ಟಕ್ಕೇ ಓದು ಮತ್ತೆ ಶುರುವಾಗುತ್ತದೆ.

ಓದಿದ್ದಕ್ಕಿಂತ ಕೊಂಡದ್ದು ಜಾಸ್ತಿ. ಮೂರು ಓದಿದ ಮೇಲೆ ಒಂದು ಕೊಳ್ಳುವುದು ಎಂದು ನಿಯಮ ಮಾಡಿಕೊಳ್ಳಿ.

ಮುಗಿಸಿದ ಪುಸ್ತಕದ ಬಗ್ಗೆ ಮೂರು ವಾಕ್ಯ ಬರೆಯಲು ಆಗುತ್ತಿಲ್ಲ. ಬರೀ ಕಣ್ಣು ಓಡಿಸಿದ್ದೀರಿ. ವಾರದ ಪುಟ ಕಡಿಮೆ ಮಾಡಿ.

ಪುಸ್ತಕವನ್ನು ಅರ್ಧಕ್ಕೆ ಬಿಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಿಡಬಹುದು. 50 ಪುಟ ಅವಕಾಶ ಕೊಡಿ, ಸಣ್ಣ ಪುಸ್ತಕಕ್ಕೆ 30. ಹಿಡಿಸದಿದ್ದರೆ ಓದಿದಷ್ಟು ಪುಟಗಳನ್ನು ಲೆಕ್ಕಕ್ಕೆ ಸೇರಿಸಿ, ಪುಸ್ತಕವನ್ನು ವಾಪಸ್ ಕೊಟ್ಟುಬಿಡಿ. ಕೆಟ್ಟ ಪುಸ್ತಕ ಮುಗಿಸುವ ಹಟದಲ್ಲಿ ತಿಂಗಳು ಕಳೆಯುವವರೇ ಗುರಿ ತಪ್ಪುತ್ತಾರೆ.

ಹಿಂದೆ ಬಿದ್ದಾಗ ಮಾಡುವ ದೊಡ್ಡ ತಪ್ಪು, ಬಾಕಿಯನ್ನು ಮುಂದಿನ ವಾರಗಳ ತಲೆಗೆ ಹೇರುವುದು. ವಾರಕ್ಕೆ 57 ಪುಟ ಆಗದವರಿಗೆ 90 ಹೇಗೆ ಆಗುತ್ತದೆ? ಬಾಕಿ ಬಿಟ್ಟುಬಿಡಿ. ಹಿಂದಿನ ಮೂರು ತಿಂಗಳ ನಿಜವಾದ ವೇಗ ತೆಗೆದುಕೊಂಡು, ಉಳಿದ ವಾರಗಳಿಂದ ಗುಣಿಸಿ, ಕಾಲು ಭಾಗ ಕಳೆದು ಹೊಸ ಸಂಖ್ಯೆ ಬರೆಯಿರಿ. ಗುಡ್‌ರೀಡ್ಸ್‌ನಲ್ಲೂ ವರ್ಷದ ನಡುವೆ ಸಂಖ್ಯೆ ಬದಲಿಸಬಹುದು. ಮುಂದೆ ಬಿದ್ದವರು ಮಾತ್ರ ಸಂಖ್ಯೆ ಏರಿಸಬೇಡಿ. ಉಳಿದ ವಾರಗಳಲ್ಲಿ ನಿಧಾನ ಓದಬೇಕಾದ ಪುಸ್ತಕ ಹಿಡಿಯಿರಿ, ಇಷ್ಟು ದಿನ ಮುಂದಕ್ಕೆ ತಳ್ಳಿದ್ದ ಹಳಗನ್ನಡಕ್ಕೆ ಇದೇ ಸರಿಯಾದ ಹೊತ್ತು.

ಡಿಸೆಂಬರ್ ಎರಡನೇ ವಾರದಲ್ಲಿ ನೋಟ್‌ಬುಕ್ಕಿನ ಸೊನ್ನೆಗಳನ್ನು ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ನೀವು ಹೊಡೆಯದೆ ಬಿಟ್ಟಿದ್ದ, ಆದರೂ ಓದಲಾಗದ ವಾರಗಳು ಅಲ್ಲಿ ಕಾಣುತ್ತವೆ. ಹೊಸ ಕ್ಯಾಲೆಂಡರ್ ಸಿಕ್ಕ ದಿನ ಮೊದಲು ಅವನ್ನೇ ಹೊಡೆಯಿರಿ.